ಸತ್ತೇ ಬಂದವರು ಇನ್ನೂ ಸತ್ತಿಲ್ಲ: ವ್ಯಾಂಕೂವರಿನ ಡಿ.ಓ.ಎ. ಬ್ಯಾಂಡ್ ಉಳಿದದ್ದು ಹೇಗೆ?

ಆಸ್ಪತ್ರೆಗೆ ತರುವಷ್ಟರಲ್ಲೇ ಜೀವ ಹೋಗಿದ್ದರೆ ನಮ್ಮ ಡಾಕ್ಟರುಗಳು ‘ಬ್ರಾಟ್ ಡೆಡ್’ ಎಂದು ಬರೆಯುತ್ತಾರೆ. ಕೆನಡಾ, ಅಮೆರಿಕಗಳಲ್ಲಿ ಅದಕ್ಕೆ ‘ಡೆಡ್ ಆನ್ ಅರೈವಲ್’ ಎನ್ನುತ್ತಾರೆ, ಚುಟುಕಾಗಿ ಡಿ.ಓ.ಎ. 1978ರ ಆರಂಭದಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರಿನ ಮೂವರು ಹುಡುಗರು ತಮ್ಮ ಪಂಕ್ (ವೇಗದ, ಒರಟು, ಸಿಟ್ಟಿನ ರಾಕ್ ಸಂಗೀತ) ಬ್ಯಾಂಡಿಗೆ ಇದೇ ಹೆಸರಿಟ್ಟರು. ಗಿಟಾರ್ ಹಿಡಿದು ಹಾಡುತ್ತಿದ್ದವನು ಜೋ ಕೀತ್ಲಿ, ಬೇಸ್ ಗಿಟಾರಿಗೆ ರ‍್ಯಾಂಡಿ ರ‍್ಯಾಂಪೇಜ್, ಡ್ರಮ್ಸಿಗೆ ಚಕ್ ಬಿಸ್ಕಿಟ್ಸ್ ಎಂಬ ಮೀಸೆ ಮೂಡದ ಹುಡುಗ. ಪಂಕ್ ಎಂಬುದೇ ಎರಡು ಮೂರು ವರ್ಷದ ಗದ್ದಲ ಎಂದು ದೊಡ್ಡವರು ನಂಬಿದ್ದ ಕಾಲ. ಹುಟ್ಟುವಾಗಲೇ ಸತ್ತ ಹೆಸರು ಇಟ್ಟುಕೊಂಡರೆ ಯಾರೂ ಶವಪೆಟ್ಟಿಗೆ ಹಿಡಿದು ಹಿಂದೆ ಬರುವುದಿಲ್ಲವಲ್ಲ!

ಕೀತ್ಲಿ ವೇದಿಕೆಗೆಂದು ಇಟ್ಟುಕೊಂಡ ಹೆಸರು ಜೋಯಿ ಶಿಟ್‌ಹೆಡ್. ‘ತಲೆಯಲ್ಲಿ ಸೆಗಣಿ ತುಂಬಿಕೊಂಡವನು’ ಎಂದು ನಾವು ಬೈಯುತ್ತೇವಲ್ಲ, ಹೆಚ್ಚುಕಡಿಮೆ ಅದೇ ಅರ್ಥ. ಆ ಶಿಟ್‌ಹೆಡ್ 2018ರ ಅಕ್ಟೋಬರಿನಲ್ಲಿ ವ್ಯಾಂಕೂವರಿಗೆ ಅಂಟಿಕೊಂಡೇ ಇರುವ ಬರ್ನಬಿ ನಗರದ ಕೌನ್ಸಿಲರ್ ಆಗಿ ಗೆದ್ದ. 2022ರಲ್ಲಿ ಮತ್ತೆ ಗೆದ್ದ. ಬ್ಯಾಂಡನ್ನೂ ಬಿಡಲಿಲ್ಲ. (ಕೌನ್ಸಿಲರ್ ಸಾಹೇಬರನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಹೆಸರಿನ ಮುಂದೆ ಬಹುವಚನ ಕೂರಿಸಲು ನನ್ನಿಂದಾಗಲಿಲ್ಲ.)

ಈ ಕಥೆಯನ್ನು ‘ಬಂಡಾಯಗಾರ ಕೊನೆಗೆ ಕುರ್ಚಿ ಹಿಡಿದ’ ಎಂದು ಹೇಳಿಬಿಡುವುದು ಸುಲಭ. ಹಾಗೆ ಹೇಳಿದವರೂ ಇದ್ದಾರೆ. ನನಗೆ ಕಾಣುವುದು ಬೇರೆ. ಡಿ.ಓ.ಎ. ಇಷ್ಟು ವರ್ಷ ಉಳಿದದ್ದಕ್ಕೆ ಅದರ ಬಂಡಾಯ ಅರ್ಧ ಕಾರಣವೂ ಅಲ್ಲ. ಸ್ವಂತ ಅಂಗಡಿಯ ಬೀಗದ ಕೈಯನ್ನು ಯಾರಿಗೂ ಕೊಡದ ವ್ಯಾಪಾರಿಯ ಹಟ, ಒಂದೇ ಊರಿನ ಜಗಳಗಳಲ್ಲಿ ಸಿಕ್ಕಿಬಿದ್ದು ಅಲ್ಲೇ ಉಳಿದದ್ದು, ಇವೆರಡೇ ಅದರ ಆಯುಷ್ಯದ ಗುಟ್ಟು. ಸಣ್ಣ ಬ್ಯಾಂಡುಗಳು ಬದುಕುವುದೇ ಕಷ್ಟವಾಗಿರುವ ಈಗಿನ ದಿನಗಳಲ್ಲಿ ಈ ಲೆಕ್ಕವನ್ನು ಬಿಚ್ಚಿ ನೋಡಬೇಕು ಅನ್ನಿಸಿತು.

ಮೊದಲು ಭೂಗೋಳ. ವ್ಯಾಂಕೂವರಿನಿಂದ ಟೊರಾಂಟೊಗೆ ರಸ್ತೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ನಡುವೆ ರಾಕಿ ಪರ್ವತ, ಆಮೇಲೆ ಮುಗಿಯದ ಬಯಲು. ಮುಂದಿನ ದೊಡ್ಡ ಊರಾದ ಕ್ಯಾಲ್ಗರಿ ಮುಟ್ಟಲಿಕ್ಕೇ ಇಡೀ ದಿನ ಬೇಕು. ಅದೇ ದಕ್ಷಿಣಕ್ಕೆ ತಿರುಗಿದರೆ ಅಮೆರಿಕದ ಸಿಯಾಟಲ್ ಎರಡೂವರೆ ಮೂರು ಗಂಟೆಯ ದಾರಿ. ಆಮೇಲೆ ಪೋರ್ಟ್‌ಲ್ಯಾಂಡ್, ಅಲ್ಲಿಂದ ಸ್ಯಾನ್‌ಫ್ರಾನ್ಸಿಸ್ಕೊ. ಕೀತ್ಲಿ ಮತ್ತು ಗೆಳೆಯರು 1977ರಲ್ಲಿ ‘ದಿ ಸ್ಕಲ್ಸ್’ ಎಂಬ ಬ್ಯಾಂಡ್ ಕಟ್ಟಿಕೊಂಡು ಟೊರಾಂಟೊಗೇ ಹೋಗಿದ್ದರು, ಅಲ್ಲಿ ಅದು ಚೂರಾಯಿತು. ವಾಪಸು ಬಂದು ಕಟ್ಟಿದ ಡಿ.ಓ.ಎ. ಕಲಿತ ಮೊದಲ ಪಾಠ, ಪೂರ್ವಕ್ಕೆ ಅಲ್ಲ, ದಕ್ಷಿಣಕ್ಕೆ ಹೋಗಬೇಕು ಎಂಬುದು. 1978ರಲ್ಲೇ ಸ್ಯಾನ್‌ಫ್ರಾನ್ಸಿಸ್ಕೊದ ಮಾಬುಹೇ ಗಾರ್ಡನ್ಸ್‌ನಲ್ಲಿ ಹಾಡಿದರು. ಅದು ಫಿಲಿಪಿನೋ ಊಟದ ಹೋಟೆಲು, ರಾತ್ರಿಯಾದರೆ ಪಂಕ್ ಅಡ್ಡೆ. ಡೆಡ್ ಕೆನಡೀಸ್ ಬ್ಯಾಂಡಿನ ಜೆಲ್ಲೊ ಬಿಯಾಫ್ರಾ ಪರಿಚಯ ಬೆಳೆದದ್ದು ಈ ಓಡಾಟದಲ್ಲೇ. ಅವನ ಆಲ್ಟರ್ನೇಟಿವ್ ಟೆಂಟಕಲ್ಸ್ ಕಂಪನಿಯೇ 1982ರಲ್ಲಿ ಇವರ ‘ವಾರ್ ಆನ್ 45’ ಹೊರತಂದಿತು. 1989ರಲ್ಲಿ ಬಿಯಾಫ್ರಾ ಜತೆ ಸೇರಿ ಒಂದು ಆಲ್ಬಮ್ಮೇ ಆಯಿತು.

ಹಾಗಾಗಿ ಡಿ.ಓ.ಎ.ಯನ್ನು ‘ಕೆನಡಾದ ಬ್ಯಾಂಡ್’ ಎನ್ನುವಾಗ ಸ್ವಲ್ಪ ತಡೆಯಬೇಕು. ಅದು ಪೆಸಿಫಿಕ್ ಕರಾವಳಿಯ ಬ್ಯಾಂಡು. ಅದರ ಹೊಟ್ಟೆಪಾಡಿನ ದಾರಿಯ ನಡುವೆ ಒಂದು ಅಂತಾರಾಷ್ಟ್ರೀಯ ಗಡಿ ಅಡ್ಡ ಬಿದ್ದಿದೆ, ಅಷ್ಟೆ.

ಆ ಗಡಿ ಈಗ ದುಬಾರಿಯಾಗಿದೆ. ಎಚ್-1ಬಿ ಹಾದಿ ತುಳಿದ ಕನ್ನಡಿಗರಿಗೆ ಐ-129 ಎಂಬ ಫಾರಂ ಗೊತ್ತಿರುತ್ತದೆ. ಅಮೆರಿಕದಲ್ಲಿ ದುಡ್ಡು ತೆಗೆದುಕೊಂಡು ಹಾಡಲು ಬರುವ ವಿದೇಶಿ ಬ್ಯಾಂಡಿನ ಪರವಾಗಿ ಸಲ್ಲಿಸುವುದೂ ಅದೇ ಫಾರಂ, ಪಿ ಎಂಬ ವರ್ಗದಡಿ. ಕೆನಡಾದವರಿಗೆ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪ್ ಬೇಕಿಲ್ಲ, ಆದರೆ ಈ ಅರ್ಜಿ ಮಂಜೂರಾಗಲೇಬೇಕು. 2024ರ ಏಪ್ರಿಲ್ 1ರಂದು ಅದರ ಶುಲ್ಕ 460 ಡಾಲರಿನಿಂದ 1,015 ಡಾಲರಿಗೆ ಏರಿತು. ಸಣ್ಣ ಸಂಸ್ಥೆಗಳಿಗೆ ಅದು 510 ಡಾಲರ್, ಅದರ ಮೇಲೆ ಇನ್ನೂ 300 ಡಾಲರಿನ ಬೇರೊಂದು ಶುಲ್ಕ. ಲಕ್ಷ ಜನ ಸೇರುವ ಸ್ಟೇಡಿಯಂ ತಾರೆಗೆ ಇದು ಚಹಾದ ಖರ್ಚು. ನೂರಿಪ್ಪತ್ತು ಜನ ಹಿಡಿಸುವ ಸಿಯಾಟಲ್ ಬಾರಿನಲ್ಲಿ ಬಾಗಿಲ ಹಣ ಹಂಚಿಕೊಳ್ಳುವ ನಾಲ್ವರಿಗೆ ಎರಡು ಮೂರು ಶೋಗಳ ಗಳಿಕೆ ಹೋಗುವುದೇ ಇದಕ್ಕೆ. 1978ರ ಆ ಮೂವರಂಥ ಹುಡುಗರು ಇವತ್ತು ವ್ಯಾನ್ ಹತ್ತಿ ದಕ್ಷಿಣಕ್ಕೆ ಹೊರಟರೆ, ಅವರ ಮೊದಲ ಪ್ರವಾಸ ಗಡಿಯ ಈಚೆಗೇ ನಷ್ಟದಲ್ಲಿ ಮುಗಿಯುತ್ತದೆ. ಒಬ್ಬ ಮುದುಕ ಕೌನ್ಸಿಲರ್ ಹೇಗೋ ತೂಗಿಸಿಕೊಂಡಾನು. ಹೊಸಬರು ಹೇಗೆ ತೂಗಿಸಬೇಕು?

ಕೆನಡಾ ಸರ್ಕಾರ ತನ್ನ ಸಂಗೀತಗಾರರನ್ನು ಕಾಯುವುದಿಲ್ಲವೇ ಎಂದು ಕೇಳಬಹುದು. ಕಾಯುತ್ತದೆ, ಅದಕ್ಕೆ ದೊಡ್ಡ ಹೆಸರೂ ಇದೆ. 1971ರಿಂದ ರೇಡಿಯೊಗಳು ಇಂತಿಷ್ಟು ಪಾಲು ಕೆನಡಾದ ಹಾಡನ್ನೇ ಹಾಕಬೇಕು. ಮೊದಲು ಶೇ 30 ಇತ್ತು, ತೊಂಬತ್ತರ ದಶಕದ ಕೊನೆಗೆ ಜನಪ್ರಿಯ ಸಂಗೀತಕ್ಕೆ ಶೇ 35 ಆಯಿತು. ಯಾವುದು ಕೆನಡಾದ ಹಾಡು ಎಂದು ಅಳೆಯುವ ಕೋಲು ಕೂಡ ಇದೆ. ಸಂಗೀತ, ಕಲಾವಿದ, ಮುದ್ರಣ, ಸಾಹಿತ್ಯ ಎಂಬ ನಾಲ್ಕರಲ್ಲಿ ಎರಡಾದರೂ ಕೆನಡಾದ್ದಾಗಿರಬೇಕು. ಡಿ.ಓ.ಎ. ಸ್ವಂತವಾಗಿ ಬರೆದು ಊರಲ್ಲೇ ಮುದ್ರಿಸಿದ ಹಾಡುಗಳಿಗೆ ನಾಲ್ಕಕ್ಕೆ ನಾಲ್ಕು. ಆದರೂ ಅವು ವಾಣಿಜ್ಯ ರೇಡಿಯೊದಲ್ಲಿ ಕೇಳಿದ್ದು ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ. ಕೋಟಾ ಕಾಯ್ದದ್ದು ಕೆನಡಾತನವನ್ನು, ಗದ್ದಲವನ್ನಲ್ಲ. ಕಿವಿಗೆ ಹಿತವಾದ ಕೆನಡಾದವರಿಗೇ ಆ ಪಾಲು ಹೋಯಿತು. ಪಂಕ್ ಬ್ಯಾಂಡುಗಳಿಗೆ ಸಿಕ್ಕಿದ್ದು ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ರೇಡಿಯೊ ಮಾತ್ರ.

ಈಗ ಅದೇ ನಾಟಕದ ಎರಡನೇ ಅಂಕ ಸ್ಟ್ರೀಮಿಂಗ್ ಕಂಪನಿಗಳ ಮೇಲೆ ನಡೆಯುತ್ತಿದೆ. 2023ರ ಏಪ್ರಿಲಿನಲ್ಲಿ ಆನ್‌ಲೈನ್ ಸ್ಟ್ರೀಮಿಂಗ್ ಕಾಯ್ದೆ ಬಂತು. 2024ರ ಜೂನಿನಲ್ಲಿ ಪ್ರಸಾರ ನಿಯಂತ್ರಣ ಆಯೋಗ, ಕೆನಡಾದಲ್ಲಿ ವರ್ಷಕ್ಕೆ ಎರಡೂವರೆ ಕೋಟಿ ಡಾಲರಿಗಿಂತ ಹೆಚ್ಚು ಗಳಿಸುವ ಕಂಪನಿಗಳು ಆ ಗಳಿಕೆಯ ಶೇ 5ನ್ನು ಸ್ಥಳೀಯ ನಿಧಿಗಳಿಗೆ ಕೊಡಬೇಕೆಂದು ಆದೇಶಿಸಿತು. ಕಂಪನಿಗಳು ಕೋರ್ಟಿಗೆ ಹೋದವು. ಅತ್ತ ಸ್ಪಾಟಿಫೈ 2024ರಿಂದ ಬೇರೊಂದು ನಿಯಮ ತಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವೂ ಕೇಳಿಸಿಕೊಳ್ಳದ ಹಾಡಿನ ಮುದ್ರಣಕ್ಕೆ ಬಿಡಿಗಾಸೂ ಇಲ್ಲ. ನಾಲ್ಕು ದಶಕದ ಆಲ್ಬಮ್ಮುಗಳಿರುವ ಬ್ಯಾಂಡಿಗೆ ಇದು ಎಲ್ಲಿ ಕಚ್ಚುತ್ತದೆ ನೋಡಿ. ಅವರ ಹತ್ತು ಹಾಡುಗಳನ್ನು ಎಲ್ಲರೂ ಕೇಳುತ್ತಾರೆ. ಉಳಿದವು ಉಗ್ರಾಣದಲ್ಲಿರುವ ಹಳೆಯ ಪಾತ್ರೆಗಳಂತೆ, ಅಪರೂಪಕ್ಕೆ ಯಾರೋ ಒಬ್ಬರು ಕೇಳಿಕೊಂಡು ಬರುತ್ತಾರೆ. ಆ ಒಬ್ಬರ ದುಡ್ಡು ಇನ್ನು ಲೆಕ್ಕಕ್ಕಿಲ್ಲ.

ಇಂಥ ಕಡೆಯೇ ಕೀತ್ಲಿಯ ಅಂಗಡಿ ಬುದ್ಧಿ ಕಾಣುವುದು. ಬ್ಯಾಂಡಿನ ಮೊದಲ ಗ್ರಾಮಫೋನ್ ತಟ್ಟೆ, 1978ರ ‘ಡಿಸ್ಕೊ ಸಕ್ಸ್’, ಹೊರಬಂದದ್ದು ತಾವೇ ಹೆಸರಿಟ್ಟುಕೊಂಡ ಸಡನ್ ಡೆತ್ ರೆಕಾರ್ಡ್ಸ್‌ನಿಂದ. ನಡುವೆ ಬೇರೆ ಬೇರೆ ಕಂಪನಿಗಳ ಬಾಗಿಲಿಗೆ ಹೋಗಿಬಂದರೂ 1998ರಲ್ಲಿ ಕೀತ್ಲಿ ಆ ಲೇಬಲ್ಲಿಗೆ ಮತ್ತೆ ಜೀವ ಕೊಟ್ಟ. ಡಿ.ಓ.ಎ.ಯ ಹಳೆಯ ಆಲ್ಬಮ್ಮುಗಳನ್ನಷ್ಟೇ ಅಲ್ಲ, ಎಪ್ಪತ್ತರ ಕೊನೆಯ ವ್ಯಾಂಕೂವರಿನ ಇತರ ಬ್ಯಾಂಡುಗಳದ್ದನ್ನೂ ಮರುಮುದ್ರಿಸಿದ. ವಿನೈಲ್ ತಟ್ಟೆ, ಟೀ ಶರ್ಟು, ಸ್ಟಿಕ್ಕರ್, ಶೋ ಮುಗಿದ ಮೇಲೆ ಮೇಜಿನ ಹಿಂದೆ ನಿಂತು ಮಾರುವುದು. ಸಾವಿರ ಸಲದ ಹೊಸ್ತಿಲು ಈ ಮೇಜಿಗೆ ಅನ್ವಯಿಸುವುದಿಲ್ಲ. ದುಡ್ಡು ಸಣ್ಣದು, ಪೂರ್ತಿ ತಮ್ಮದು.

ಹಾಡಿನ ಮಾತಿಗೆ ಬಂದರೆ, ಅವರ ಅತ್ಯುತ್ತಮ ಕಾಲ ಬಹಳ ಬೇಗ ಬಂದು ಬಹಳ ಬೇಗ ಹೋಯಿತು ಎಂದೇ ನನ್ನ ಎಣಿಕೆ. 1980ರ ‘ಸಂಥಿಂಗ್ ಬೆಟರ್ ಚೇಂಜ್’, 1981ರ ‘ಹಾರ್ಡ್‌ಕೋರ್ 81’, ಮರುವರ್ಷದ ‘ವಾರ್ ಆನ್ 45’. ಎರಡನೇ ಗಿಟಾರಿಗೆ ಡೇವ್ ಗ್ರೆಗ್ ಬಂದು ಸೇರಿದ ಮೇಲೆ ಸದ್ದಿಗೆ ಮೈ ತುಂಬಿತ್ತು. ಪಂಕ್‌ನ ವೇಗದ ಒರಟು ಬಗೆಗೆ ‘ಹಾರ್ಡ್‌ಕೋರ್’ ಎಂಬ ಹೆಸರು ನಿಂತದ್ದರಲ್ಲಿ ಆ ಎರಡನೇ ಆಲ್ಬಮ್ಮಿನ ಪಾಲು ದೊಡ್ಡದು ಎಂದು ಇತಿಹಾಸ ಬರೆಯುವವರು ಒಪ್ಪುತ್ತಾರೆ. 1985ರ ‘ಲೆಟ್ಸ್ ರೆಕ್ ದಿ ಪಾರ್ಟಿ’ ಹೊತ್ತಿಗೆ ಅದು ಹಾರ್ಡ್ ರಾಕ್ ಕಡೆ ವಾಲಿತು. ಮೆಟಾಲಿಕಾಗೆ ಆಲ್ಬಮ್ ಮಾಡಿಕೊಟ್ಟ ಬಾಬ್ ರಾಕ್ 2008ರಲ್ಲಿ ಇವರ ‘ನಾರ್ದರ್ನ್ ಅವೆಂಜರ್’ ಮಾಡಿಕೊಟ್ಟ. ಅಚ್ಚುಕಟ್ಟಾಗಿದೆ. ಅಚ್ಚುಕಟ್ಟು ಬೇಕಿದ್ದವರು ಡಿ.ಓ.ಎ. ಕೇಳುತ್ತಲೇ ಇರಲಿಲ್ಲ.

ಆದರೆ ಇವರ ಕಥೆಯ ತಿರುಳು ಇರುವುದು ಸದ್ದಿನಲ್ಲಲ್ಲ, 1983ರಲ್ಲಿ.

ಆ ವರ್ಷದ ಜುಲೈ 7ರಂದು ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಬಿಲ್ ಬೆನೆಟ್ ಸರ್ಕಾರ ಬಜೆಟ್ಟಿನ ಜತೆಗೆ ಒಂದೇ ದಿನ 26 ಮಸೂದೆಗಳನ್ನು ಮಂಡಿಸಿತು. ಸರ್ಕಾರಿ ನೌಕರರನ್ನು ಕಾರಣ ಹೇಳದೆ ತೆಗೆಯಬಹುದು, ಬಾಡಿಗೆ ನಿಯಂತ್ರಣ ಹೋಗುತ್ತದೆ, ಮಾನವ ಹಕ್ಕುಗಳ ಆಯೋಗ ಮುಚ್ಚುತ್ತದೆ. ಕಾರ್ಮಿಕ ಸಂಘಗಳು ‘ಆಪರೇಷನ್ ಸಾಲಿಡಾರಿಟಿ’ ಕಟ್ಟಿದವು. ಅಕ್ಟೋಬರ್ 15ರಂದು ಆಡಳಿತ ಪಕ್ಷದ ಸಮಾವೇಶ ನಡೆಯುತ್ತಿದ್ದ ಹೋಟೆಲಿನ ಮುಂದೆ ಹಾದುಹೋದ ಮೆರವಣಿಗೆಯಲ್ಲಿ ಹತ್ತಿರ ಹತ್ತಿರ 80 ಸಾವಿರ ಜನರಿದ್ದರು ಎಂಬ ಲೆಕ್ಕವಿದೆ. ಪ್ರಾಂತ್ಯವಿಡೀ ಬಂದ್ ಆಗುತ್ತದೆ ಎಂಬ ಮಾತು ಗಾಳಿಯಲ್ಲಿತ್ತು. ಡಿ.ಓ.ಎ. ‘ಜನರಲ್ ಸ್ಟ್ರೈಕ್’ ಎಂಬ ತಟ್ಟೆ ಹೊರತಂದಿತು. ಹಾಡು ಇದೆ, ಬಂದ್ ಆಗಲಿಲ್ಲ. ನವೆಂಬರ್ 13ರಂದು ಮರ ಕಡಿಯುವ, ಕೊಯ್ಯುವ ಕಾರ್ಮಿಕರ ಸಂಘದ ನಾಯಕ ಜಾಕ್ ಮನ್ರೊ ಕೆಲೋನಾದಲ್ಲಿದ್ದ ಬೆನೆಟ್ ಮನೆಗೆ ಹೋಗಿ ರಾಜಿ ಮಾಡಿಕೊಂಡ. ಬೀದಿಯಲ್ಲಿದ್ದ ಬಹಳ ಜನರಿಗೆ ಅದು ದ್ರೋಹವಾಗಿ ಕಂಡಿತು, ಇಂದಿಗೂ ಕಾಣುತ್ತದೆ. ಒಂದು ಹಾಡು ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬ ಪ್ರಶ್ನೆಗೆ ಡಿ.ಓ.ಎ. ಇಪ್ಪತ್ತರ ಹರೆಯದಲ್ಲೇ ಉತ್ತರ ಕಂಡಿತ್ತು. ಹಾಡು ಜನರನ್ನು ಬೀದಿಗೆ ತಂದೀತು, ರಾಜಿಯ ಮೇಜಿನಲ್ಲಿ ಅದಕ್ಕೆ ಕುರ್ಚಿಯಿಲ್ಲ.

ಅದೇ ವರ್ಷದ ಇನ್ನೊಂದು ಸಂಗತಿ ಹೆಚ್ಚು ಕಸಿವಿಸಿಯದು. ಕೀತ್ಲಿಯ ಗೆಳೆಯರ ಬಳಗದಲ್ಲೇ ಇದ್ದ ಜೆರ‍್ರಿ ಹ್ಯಾನಾ, ಸಬ್‌ಹ್ಯೂಮನ್ಸ್ ಎಂಬ ವ್ಯಾಂಕೂವರಿನ ಮತ್ತೊಂದು ಒಳ್ಳೆಯ ಬ್ಯಾಂಡಿನಲ್ಲಿ ಬೇಸ್ ಬಾರಿಸುತ್ತಿದ್ದವನು, ‘ಡೈರೆಕ್ಟ್ ಆಕ್ಷನ್’ ಎಂಬ ಭೂಗತ ಗುಂಪು ಸೇರಿದ್ದ. 1982ರಲ್ಲಿ ಆ ಗುಂಪು ವ್ಯಾಂಕೂವರ್ ದ್ವೀಪದ ವಿದ್ಯುತ್ ಉಪಕೇಂದ್ರವೊಂದನ್ನು ಸ್ಫೋಟಿಸಿತು. ಆಮೇಲೆ ಅಕ್ಟೋಬರಿನಲ್ಲಿ ಟೊರಾಂಟೊದಲ್ಲಿ ಕ್ರೂಸ್ ಕ್ಷಿಪಣಿಯ ಬಿಡಿಭಾಗ ಮಾಡುತ್ತಿದ್ದ ಲಿಟನ್ ಕಾರ್ಖಾನೆಗೆ ಬಾಂಬಿಟ್ಟಿತು. ಹತ್ತು ಜನ ಗಾಯಗೊಂಡರು. 1983ರ ಜನವರಿಯಲ್ಲಿ ಸ್ಕ್ವಾಮಿಶ್ ಹತ್ತಿರದ ಹೆದ್ದಾರಿಯಲ್ಲಿ ಹ್ಯಾನಾ ಸೇರಿ ಗುಂಪಿನ ಐವರೂ ಸಿಕ್ಕಿಬಿದ್ದರು. ಡಿ.ಓ.ಎ. ಅವರ ಕೋರ್ಟು ಖರ್ಚಿಗೆಂದು ‘ರೈಟ್ ಟು ಬಿ ವೈಲ್ಡ್’ ತಟ್ಟೆ ತಂದಿತು. ಹ್ಯಾನಾಗೆ ಹತ್ತು ವರ್ಷ ಶಿಕ್ಷೆಯಾಯಿತು, ಐದು ವರ್ಷ ಜೈಲಿನಲ್ಲಿದ್ದ.

ಬ್ಯಾಂಡಿನ ಅಭಿಮಾನಿಗಳು ಈ ಅಧ್ಯಾಯವನ್ನು ‘ಗೆಳೆತನ’ ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅಷ್ಟು ಸಲೀಸಲ್ಲ. ಆರೋಪಿಗೆ ವಕೀಲನನ್ನು ಕೊಡಿಸುವುದು ಒಂದು, ಬಾಂಬನ್ನು ಬೆನ್ನು ತಟ್ಟುವುದು ಇನ್ನೊಂದು. ಇವೆರಡರ ನಡುವಿನ ಗೆರೆಯನ್ನು ಪಂಕ್ ಪೋಸ್ಟರುಗಳು ಎಳೆಯುವುದಿಲ್ಲ. ಮುಂದಿನ ದಶಕಗಳಲ್ಲಿ ಬ್ಯಾಂಡು ಹಿಡಿದ ದಾರಿಯನ್ನು ನೋಡಿದರೆ ಮಾತ್ರ ಆಯ್ಕೆ ಸ್ಪಷ್ಟವಾಗುತ್ತದೆ. ನಿಧಿ ಸಂಗ್ರಹದ ಶೋಗಳು, ಚುನಾವಣೆಗಳು, ಸೋಲುಗಳು. ‘ಮಾತಿನಿಂದ ಕೆಲಸವನ್ನು ಕಳೆದರೆ ಸೊನ್ನೆ’ ಎಂಬುದು ಅವರ ಘೋಷವಾಕ್ಯ. ಆ ‘ಕೆಲಸ’ದ ಅರ್ಥವನ್ನು ಹ್ಯಾನಾ ಒಂದು ರೀತಿ ತಿಳಿದ, ಕೀತ್ಲಿ ಇನ್ನೊಂದು ರೀತಿ.

ಸೋಲುಗಳೇನು ಕಡಿಮೆಯಲ್ಲ. 1996 ಮತ್ತು 2001ರಲ್ಲಿ ಕೀತ್ಲಿ ಪರಿಸರವಾದಿ ಗ್ರೀನ್ ಪಕ್ಷದಿಂದ ಪ್ರಾಂತೀಯ ಚುನಾವಣೆಗೆ ನಿಂತು ಸೋತ. 2013ರಲ್ಲಿ ಎಡ ಒಲವಿನ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಟಿಕೆಟ್ಟಿಗಾಗಿ ಬ್ಯಾಂಡನ್ನೇ ನಿಲ್ಲಿಸಿ ವಿದಾಯದ ಪ್ರವಾಸ ಮಾಡಿದ. ಟಿಕೆಟ್ಟೂ ಸಿಗಲಿಲ್ಲ. ಮರುವರ್ಷ ಬ್ಯಾಂಡು ವಾಪಸು. (1990ರಲ್ಲೂ ಒಮ್ಮೆ ವಿದಾಯ ಹೇಳಿ 1992ರಲ್ಲಿ ಮರಳಿದ್ದರು. ಇವರ ವಿದಾಯವನ್ನು ನಂಬಿದವನಿಗೆ ಹಳೆಯ ಅಭಿಮಾನಿಗಳು ನಗುತ್ತಾರೆ.) 2016, 2017ರಲ್ಲಿ ಮತ್ತೆ ಗ್ರೀನ್, ಮತ್ತೆ ಸೋಲು.

2018ರಲ್ಲಿ ಗೆದ್ದದ್ದು ಏಕೆ? ಇದಕ್ಕೆ ಉತ್ತರ ಹುಡುಕಲು ಮತ್ತೆ 1986ಕ್ಕೆ ಹೋಗಬೇಕು. ಆ ವರ್ಷ ವ್ಯಾಂಕೂವರಿನಲ್ಲಿ ಎಕ್ಸ್‌ಪೊ 86 ವಿಶ್ವಮೇಳ. ಪ್ರವಾಸಿಗರಿಗೆ ಕೋಣೆ ಬೇಕೆಂದು ಡೌನ್‌ಟೌನ್ ಈಸ್ಟ್‌ಸೈಡಿನ ಅಗ್ಗದ ವಸತಿ ಹೋಟೆಲುಗಳಿಂದ ನೂರಾರು ಬಡ ಬಾಡಿಗೆದಾರರನ್ನು ಹೊರಹಾಕಿದರು. ಅನೇಕರು ಹಿಂದೆ ಮರ ಕಡಿಯುವ ಕೆಲಸದಲ್ಲಿದ್ದವರು, ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಬದುಕಿದವರು. ಡಿ.ಓ.ಎ. ಬೆಳೆದ ಸ್ಮೈಲಿನ್ ಬುದ್ಧ ಕ್ಯಾಬರೆ ಇದ್ದದ್ದೂ ಇದೇ ಪ್ರದೇಶದಲ್ಲಿ, 109 ಈಸ್ಟ್ ಹೇಸ್ಟಿಂಗ್ಸ್ ರಸ್ತೆ. ಅದರ ನಗುವ ಬುದ್ಧನ ನಿಯಾನ್ ಬೋರ್ಡು ಈಗ ವ್ಯಾಂಕೂವರ್ ಮ್ಯೂಸಿಯಮ್ಮಿನಲ್ಲಿದೆ. ಬೋರ್ಡಿಗೆ ಶಾಶ್ವತ ವಸತಿ ಸಿಕ್ಕಿತು, ನೆರೆಹೊರೆಯವರಿಗೆ ಸಿಗಲಿಲ್ಲ.

ಅದೇ ಎಕ್ಸ್‌ಪೊಗಾಗಿ ಕಟ್ಟಿದ್ದು ಸ್ಕೈಟ್ರೈನ್, ನಮ್ಮ ಮೆಟ್ರೋದಂಥದ್ದು. ಮೊದಲ ಮಾರ್ಗದ ಹೆಸರು ಇವತ್ತಿಗೂ ಎಕ್ಸ್‌ಪೊ ಲೈನ್. ಅದು ಬರ್ನಬಿಯ ಮೆಟ್ರೋಟೌನ್ ಮೂಲಕ ಹಾದುಹೋಯಿತು. ರೈಲು ಬಂದಲ್ಲಿ ಮಾಲ್ ಬಂತು, ಮಾಲ್ ಬಂದಲ್ಲಿ ನೆಲದ ಬೆಲೆ ಏರಿತು. ಮೂರಂತಸ್ತಿನ ಹಳೆಯ ಮರದ ಅಪಾರ್ಟ್‌ಮೆಂಟುಗಳಲ್ಲಿ ಕಡಿಮೆ ಬಾಡಿಗೆಗೆ ಇದ್ದವರು ವಲಸಿಗರು, ನಿವೃತ್ತರು, ಕೂಲಿ ಕೆಲಸದವರು. 2017ರ ಮೆಟ್ರೋಟೌನ್ ಯೋಜನೆ ಆ ಜಾಗದಲ್ಲಿ ಗಗನಚುಂಬಿಗಳಿಗೆ ದಾರಿ ಮಾಡಿತು. ಮನೆ ಕೆಡವಿ ಬಾಡಿಗೆದಾರರನ್ನು ಎಬ್ಬಿಸುವುದಕ್ಕೆ ಅಲ್ಲಿಯವರು ‘ಡೆಮೊವಿಕ್ಷನ್’ ಎಂಬ ಹೊಸ ಪದವನ್ನೇ ಟಂಕಿಸಿದರು. ಉದ್ಯೋಗಕ್ಕೆಂದು ಹೋಗಿ ಆ ಕಡೆ ಬಾಡಿಗೆ ಮನೆ ಹುಡುಕಿದ ಕನ್ನಡಿಗರಿಗೆ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಎಕ್ಸ್‌ಪೊ ತನ್ನ ಮೊದಲ ಬಾಡಿಗೆದಾರರನ್ನು 1986ರಲ್ಲಿ ಎಬ್ಬಿಸಿತು, ಅದರ ರೈಲು ಮೂರು ದಶಕ ತಡವಾಗಿ ಎರಡನೇ ತಂಡವನ್ನು ಎಬ್ಬಿಸಿತು.

2002ರಿಂದ ಮೇಯರ್ ಆಗಿದ್ದ ಡೆರೆಕ್ ಕೊರಿಗನ್ ಈ ಸಿಟ್ಟಿಗೆ 2018ರಲ್ಲಿ ಕುರ್ಚಿ ಕಳೆದುಕೊಂಡ. ಅಗ್ನಿಶಾಮಕ ಸಿಬ್ಬಂದಿಯ ಸಂಘದ ನಾಯಕನಾಗಿದ್ದ ಮೈಕ್ ಹರ್ಲಿ ಮೇಯರ್ ಆದ. ಎಂಟು ಕೌನ್ಸಿಲರ್ ಸ್ಥಾನಗಳಲ್ಲಿ ಏಳನ್ನು ಕೊರಿಗನ್ ಪಕ್ಷವೇ ಉಳಿಸಿಕೊಂಡಿತು, ಎಂಟನೆಯದು ಕೀತ್ಲಿಗೆ. ಅಂದರೆ ಬರ್ನಬಿ ಜನ ಪಂಕ್‌ಗೆ ಮತ ಹಾಕಲಿಲ್ಲ. ಮನೆ, ಮತ್ತು ಬರ್ನಬಿ ಬೆಟ್ಟದ ಬುಡದಿಂದ ಹಡಗಿಗೆ ತೈಲ ಸಾಗಿಸುವ ಟ್ರಾನ್ಸ್ ಮೌಂಟನ್ ಪೈಪ್‌ಲೈನ್, ಇವೆರಡರ ಬಗ್ಗೆ ಆತ ಹೇಳುತ್ತಿದ್ದದ್ದನ್ನು ಊರೂ ಹೇಳತೊಡಗಿತ್ತು. ಮಾತು ಬದಲಾಗದೆ ಒಂದೇ ಕಡೆ ನಿಂತಿದ್ದವನ ಬಳಿಗೆ ಊರೇ ನಡೆದು ಬಂತು.

ಗೆದ್ದ ಮೇಲೆ ಆದದ್ದೇನು? 2020ರಲ್ಲಿ ಬರ್ನಬಿ ಹೊಸ ಬಾಡಿಗೆದಾರರ ನೆರವು ನೀತಿ ತಂದಿತು. ಮನೆ ಕೆಡವಿಸಿಕೊಂಡವರು ಹೊಸ ಕಟ್ಟಡಕ್ಕೆ ಹಳೆಯ ಬಾಡಿಗೆಯ ಮಟ್ಟದಲ್ಲೇ ಮರಳಬಹುದು, ನಡುವಿನ ಅವಧಿಗೆ ಬಿಲ್ಡರ್ ನೆರವು ಕೊಡಬೇಕು. ಕೆನಡಾದ ಮಟ್ಟಿಗೆ ಇದು ಗಟ್ಟಿ ನೀತಿ. ಅದರ ಯಶಸ್ಸನ್ನು ಕೀತ್ಲಿಯ ಜೋಳಿಗೆಗೆ ಹಾಕುವುದು ತಪ್ಪಾಗುತ್ತದೆ. ಮೇಯರ್ ಹರ್ಲಿಯ ಕಾರ್ಯಪಡೆ, ಅದಕ್ಕೂ ಮೊದಲು ಬೀದಿಗಿಳಿದ ಬಾಡಿಗೆದಾರರು, ಇವರದೇ ದೊಡ್ಡ ಪಾಲು. ಪೈಪ್‌ಲೈನ್ ವಿಷಯದಲ್ಲಂತೂ ನಗರದ ಕೈಗೆ ಏನೂ ಸಿಗಲಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಅದನ್ನು 450 ಕೋಟಿ ಡಾಲರಿಗೆ ಕೊಂಡಿತು, 2024ರ ಮೇನಲ್ಲಿ ವಿಸ್ತರಿಸಿದ ಕೊಳವೆಯಲ್ಲಿ ತೈಲ ಹರಿಯಿತು. ಒಂಬತ್ತು ಮತಗಳಲ್ಲಿ ಒಂದು ಮತದವನ ‘ಕೆಲಸ’ ಬಹಳ ಸಲ ಮಾತೇ ಆಗಿರುತ್ತದೆ. ಆ ಘೋಷವಾಕ್ಯದ ಗಣಿತ ಕೌನ್ಸಿಲಿನಲ್ಲಿ ಸ್ವಲ್ಪ ಎಡವುತ್ತದೆ.

ಇನ್ನು, ಇದು ಅದೇ ಬ್ಯಾಂಡೇ ಎಂಬ ಪ್ರಶ್ನೆ. ಚಕ್ ಬಿಸ್ಕಿಟ್ಸ್ ಬಹಳ ಹಿಂದೆಯೇ ಹೋಗಿ ಬ್ಲ್ಯಾಕ್ ಫ್ಲ್ಯಾಗ್, ಡ್ಯಾನ್‌ಜಿಗ್, ಸೋಷಿಯಲ್ ಡಿಸ್ಟಾರ್ಷನ್‌ಗಳಲ್ಲಿ ಬಾರಿಸಿದ. ಅವನ ಅಣ್ಣ, ಎಂಬತ್ತರ ದಶಕದಲ್ಲಿ ಇಲ್ಲಿ ಡ್ರಮ್ಸ್ ನುಡಿಸಿದ ಕೆನ್ ‘ಡಿಮ್‌ವಿಟ್’ ಮಾಂಟ್‌ಗೊಮೆರಿ 1994ರಲ್ಲಿ ತೀರಿಕೊಂಡ. ನಂತರದ ಡ್ರಮ್ಮರ್ ಕೆನ್ ಜೆನ್ಸನ್ 1995ರಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ಹೋದ. ಡೇವ್ ಗ್ರೆಗ್ ಮತ್ತು ಬೇಸ್ ನುಡಿಸುತ್ತಿದ್ದ ಬ್ರಯಾನ್ ಗೋಬಲ್ ಇಬ್ಬರೂ 2014ರಲ್ಲಿ, ರ‍್ಯಾಂಡಿ ರ‍್ಯಾಂಪೇಜ್ 2018ರಲ್ಲಿ. ಮೊದಲ ಮೂವರಲ್ಲಿ ವೇದಿಕೆಯ ಮೇಲೆ ಉಳಿದವನು ಕೀತ್ಲಿ ಒಬ್ಬನೇ. ‘ಹಾಗಾದರೆ ಅದು ಬ್ಯಾಂಡಲ್ಲ, ಕೀತ್ಲಿ ಮತ್ತು ಅವನ ಬಾಡಿಗೆಯ ಜತೆಗಾರರು’ ಎನ್ನುವವರ ಮಾತಿನಲ್ಲಿ ಹುರುಳಿದೆ. ಹಾಡುಗಾರನ ದನಿ ಒಂದೇ, ಉಳಿದದ್ದೆಲ್ಲ ತೇಪೆ. ನಾನು ಅದನ್ನು ವಂಚನೆ ಎನ್ನಲಾರೆ. ಅಂಗಡಿಗೆ ಮಾಲೀಕನ ಹೆಸರಿದ್ದು ಒಳಗಿನ ಹುಡುಗರು ಬದಲಾದರೆ ಗಿರಾಕಿ ದೂರುವುದಿಲ್ಲ, ದೋಸೆಯ ರುಚಿ ಬದಲಾದರೆ ದೂರುತ್ತಾನೆ. ರುಚಿ ಕೆಲವು ಸಲ ಬದಲಾಗಿದೆ ಎಂದು ಆಗಲೇ ಹೇಳಿದ್ದೇನೆ.

2003ರ ಡಿಸೆಂಬರ್ 21ನ್ನು ವ್ಯಾಂಕೂವರ್ ಮೇಯರ್ ಲ್ಯಾರಿ ಕ್ಯಾಂಪ್‌ಬೆಲ್ ‘ಡಿ.ಓ.ಎ. ದಿನ’ ಎಂದು ಘೋಷಿಸಿದ್ದ. ಕ್ಯಾಂಪ್‌ಬೆಲ್ ಮೇಯರ್ ಆಗುವ ಮೊದಲು ಇದ್ದದ್ದು ಅಸಹಜ ಸಾವುಗಳ ತನಿಖೆ ಮಾಡುವ ಕೊರೊನರ್ ಹುದ್ದೆಯಲ್ಲಿ. ಬಂದಾಗಲೇ ಸತ್ತವರಿಗೆ ಸರ್ಟಿಫಿಕೇಟ್ ಕೊಡಲು ಅವನಿಗಿಂತ ತಕ್ಕವರು ಇರಲಿಲ್ಲ. ಕೀತ್ಲಿಯ ಈಗಿನ ಕೌನ್ಸಿಲ್ ಅವಧಿ 2026ರ ಅಕ್ಟೋಬರಿನ ಚುನಾವಣೆಯವರೆಗೆ. ಕೌನ್ಸಿಲರ್ ಆದ ಎರಡನೇ ವರ್ಷ, 2020ರಲ್ಲಿ, ಡಿ.ಓ.ಎ. ಹೊರತಂದ ಆಲ್ಬಮ್ಮಿನ ಹೆಸರು ‘ಟ್ರೀಸನ್’. ರಾಜದ್ರೋಹ.